ಸೂಜಿ ಚುಚ್ಚಿದ ಮುಖಕ್ಕೆ ಹಚ್ಚುವುದೇನು, ನೋಡುವವರು ಯಾರು?

ಸೊಲ್ಲಾಪುರ ಜಿಲ್ಲಾಧಿಕಾರಿಗಳಿಗೆ ಹಾಗೂ ಮಹಾರಾಷ್ಟ್ರ ಆಹಾರ ಮತ್ತು ಔಷಧ ಆಡಳಿತದ ಅಧಿಕಾರಿಗಳಿಗೆ,



ಕಳೆದ ಬೇಸಿಗೆಯಲ್ಲಿ ನನ್ನ ತಂಗಿಯ ಮಗಳು ಮೊಡವೆ ಗುಳಿಗಳು ಮಾಯವಾಗಲಿ ಎಂದು ಅಕ್ಕಲಕೋಟದ ಒಂದು ಪಾರ್ಲರಿಗೆ ಹೋದಳು. ಮುಖದ ಮೇಲೆ ಸೂಜಿಗಳ ರೋಲರ್ ಉರುಳಿಸಿ, ಹೆಸರಿನ ಚೀಟಿಯಿಲ್ಲದ ಬಾಟಲಿಯಿಂದ ಸೀರಮ್ ಹಚ್ಚಿ, ಮನೆಗೆ ಒಂದು ಕ್ರೀಮ್ ಕೊಟ್ಟು ಕಳಿಸಿದರು. ವಾರದೊಳಗೆ ಕೆನ್ನೆ ತುಂಬ ಕೆಂಪು ಗಂಟುಗಳೆದ್ದವು. ಸೊಲ್ಲಾಪುರದ ಚರ್ಮವೈದ್ಯರು ಮೊದಲು ಕೇಳಿದ್ದೇ ‘ಏನು ಹಚ್ಚಿದರು?’ ಎಂದು. ನಮ್ಮ ಬಳಿ ಬಿಲ್ಲಿಲ್ಲ, ಹೆಸರಿಲ್ಲ, ಉತ್ತರವೂ ಇಲ್ಲ.

ಮೈಕ್ರೊನೀಡ್ಲಿಂಗ್ ಎಂಬ ಈ ಚಿಕಿತ್ಸೆಯೇ ತಪ್ಪೆಂದು ನಾನು ಹೇಳುತ್ತಿಲ್ಲ. ಸಣ್ಣ ಸೂಜಿಗಳಿಂದ ಚರ್ಮಕ್ಕೆ ಲೆಕ್ಕವಿಟ್ಟು ಗಾಯ ಮಾಡಿದರೆ ಹೊಸ ಕೊಲಾಜನ್ ಹುಟ್ಟಿ, ತಿಂಗಳುಗಳಲ್ಲಿ ಗುಳಿ ತುಸು ತುಂಬುತ್ತದೆ. ಔಷಧವನ್ನೂ ಜತೆಗೆ ಇಳಿಸಬಹುದು. 2013ರಲ್ಲಿ ಬೆಂಗಳೂರಿನ ವೈದ್ಯರು ಬಂಗು ಇದ್ದ 60 ಮಂದಿಯಲ್ಲಿ ಅರ್ಧದಷ್ಟು ಜನರಿಗೆ ಟ್ರಾನೆಕ್ಸಾಮಿಕ್ ಆಮ್ಲವೆಂಬ ಔಷಧವನ್ನು ಸೂಜಿಮದ್ದಾಗಿ, ಉಳಿದವರಿಗೆ ಮೈಕ್ರೊನೀಡ್ಲಿಂಗ್ ಜತೆ ಕೊಟ್ಟು ನೋಡಿದರು. ಎರಡರಲ್ಲೂ ಗುಣ ಕಂಡಿತು. ಆದರೆ ಅವರು ಕೊಟ್ಟದ್ದು ಏನು, ಎಷ್ಟು ಎಂಬುದು ಬರಹದಲ್ಲಿತ್ತು.

ಚರ್ಮದ ಹೊರಪದರ ತೂತಾದ ಮೇಲೆ ಸೀರಮ್ ಮೇಲೆಯೇ ನಿಲ್ಲುವುದಿಲ್ಲ, ಒಳಗಿಳಿಯುತ್ತದೆ. ಮುಖ ತೊಳೆದು ಹಚ್ಚಿಕೊಳ್ಳಲು ಮಾಡಿದ ಸುಗಂಧ, ಸಂರಕ್ಷಕಗಳೆಲ್ಲ ಅದರ ಜತೆಗೇ ಹೋಗುತ್ತವೆ. ಅಮೆರಿಕದ ವೈದ್ಯರು 2014ರಲ್ಲಿ ಹೀಗೆ ಸೀರಮ್ ಹಚ್ಚಿಸಿಕೊಂಡ ಮಹಿಳೆಯರ ಮುಖದಲ್ಲಿ ಗಂಟು ಗಂಟಾದ ಉರಿಯೂತ ವರದಿ ಮಾಡಿದರು. ಅವರಲ್ಲಿ ಇಬ್ಬರಿಗೆ ವಿಟಮಿನ್ ಸಿ ಸೀರಮ್‌ನ ಅಲರ್ಜಿ ಪರೀಕ್ಷೆಯಲ್ಲಿ ಗೊತ್ತಾಯಿತು. ರೋಲರ್ ಒಬ್ಬರಿಂದ ಇನ್ನೊಬ್ಬರಿಗೆ ಹೋದರೆ ರಕ್ತದ ರೋಗಗಳ ಭಯ ಬೇರೆ.

ಇನ್ನು ಆ ಮನೆಗೆ ಕೊಡುವ ಕ್ರೀಮ್. ಬಿಳುಪು ಮಾಡುತ್ತದೆಂದು ಮಾರುವ ಎಷ್ಟೋ ಟ್ಯೂಬುಗಳಲ್ಲಿ ಸ್ಟಿರಾಯ್ಡ್ ಇರುತ್ತದೆ. ಚರ್ಮಕ್ಕೆ ಹಚ್ಚುವ ಹಲವು ಸ್ಟಿರಾಯ್ಡ್‌ಗಳನ್ನು ಕೇಂದ್ರ ಸರ್ಕಾರ 2018ರಲ್ಲೇ ವೈದ್ಯರ ಚೀಟಿಯಿಲ್ಲದೆ ಮಾರಬಾರದ ಪಟ್ಟಿಗೆ ಸೇರಿಸಿದೆ. ಆದರೂ ಕೇಳಿದ ತಕ್ಷಣ ಸಿಗುತ್ತವೆ. ಚರ್ಮ ತೆಳುವಾಗುವುದು, ಬಿಟ್ಟ ಕೂಡಲೇ ಮುಖ ಉರಿಯುವುದು ಹುಡುಗಿಯರ ಪಾಲಿಗೆ. ಸೂಜಿ ಹಾಕಿದ ಮುಖಕ್ಕೆ ಬೇಕಾದದ್ದು ಸಾದಾ ಮಾಯಿಶ್ಚರೈಸರ್, ನಂತರ ಸನ್‌ಸ್ಕ್ರೀನ್, ಬಿಸಿಲಿನಿಂದ ರಕ್ಷಣೆ. ಸೊಲ್ಲಾಪುರದ ಬಿಸಿಲಿನಲ್ಲಿ ಇದನ್ನು ಯಾರೂ ಹೇಳದಿದ್ದರೆ ನಮ್ಮ ಕಂದು ಚರ್ಮದ ಮೇಲೆ ಗುಳಿಯ ಜತೆ ಕಪ್ಪು ಕಲೆಯೂ ಉಳಿಯಬಹುದು.

ಆದ್ದರಿಂದ ನಮ್ಮ ಬೇಡಿಕೆ ಇದು. ಪಾರ್ಲರ್‌ಗಳಲ್ಲಿರುವ ಹೆಸರಿನ ಚೀಟಿಯಿಲ್ಲದ ಬಾಟಲಿಗಳನ್ನೂ ಮೆಡಿಕಲ್ ಅಂಗಡಿಗಳಲ್ಲಿ ವೈದ್ಯರ ಚೀಟಿ ಕೇಳದೆ ಮಾರುವ ಕ್ರೀಮ್‌ಗಳನ್ನೂ ತಪಾಸಣೆ ಮಾಡಿ. ಸೂಜಿ ಚಿಕಿತ್ಸೆ ವೈದ್ಯರ ಕೈಯಲ್ಲೇ ಆಗಲಿ, ರೋಲರ್ ಒಬ್ಬರಿಗೆ ಒಂದೇ ಸಲ ಬಳಕೆಯಾಗಲಿ, ಹಚ್ಚಿದ್ದರ ಹೆಸರು ಬರೆದ ಕಾಗದ ರೋಗಿಯ ಕೈಸೇರಲಿ. ಸೊಲ್ಲಾಪುರದ ಸರ್ಕಾರಿ ಆಸ್ಪತ್ರೆಯಲ್ಲಿ ಚರ್ಮವೈದ್ಯರನ್ನು ಕಾಣಬಹುದೆಂಬ ಸಂಗತಿ ನಮ್ಮೂರ ಹುಡುಗಿಯರಲ್ಲಿ ಅನೇಕರಿಗೆ ತಿಳಿಯದು. ಅಕ್ಕಲಕೋಟ, ದಕ್ಷಿಣ ಸೊಲ್ಲಾಪುರದ ಅನೇಕರ ಮನೆಮಾತು ಕನ್ನಡ. ಹಾಗಾಗಿ ಆಸ್ಪತ್ರೆಯ ಈ ಸಂಗತಿಯನ್ನೂ ಹೇಳುವ ಎಚ್ಚರಿಕೆಯ ಫಲಕಗಳು ಮರಾಠಿಯ ಜತೆ ಕನ್ನಡದಲ್ಲೂ ಪಾರ್ಲರ್ ಬಾಗಿಲಲ್ಲಿ, ಕಾಲೇಜುಗಳಲ್ಲಿ ಬರಲಿ. ಪಾರ್ಲರುಗಳು ತುಂಬುವ ಮುಂದಿನ ಮದುವೆ ಹಂಗಾಮಿಗೆ ಮೊದಲೇ ಇದಾಗಬೇಕು.

ತಮ್ಮ ವಿಶ್ವಾಸಿ,
ಅಕ್ಕಲಕೋಟ ತಾಲೂಕಿನ ಒಬ್ಬ ನಿವಾಸಿ