ಶ್ರುತಿ ಕಡಿಯುವ ಲ್ಯಾಪ್‌ಟಾಪ್

ಹೋದ ತಿಂಗಳ ಒಂದು ಭಾನುವಾರ ಬೆಳಿಗ್ಗೆ ದೊಡ್ಡಬಳ್ಳಾಪುರದ ನೇಕಾರರೊಬ್ಬರು ಮಗಳನ್ನು ಕರೆದುಕೊಂಡು ನಮ್ಮ ಮನೆಗೆ ಬಂದರು. ಹುಡುಗಿ ಒಂಬತ್ತನೇ ತರಗತಿ, ನನ್ನ ವಿದ್ಯಾರ್ಥಿನಿ. ಕೈಯಲ್ಲಿ ಹಳೆಯ ಲ್ಯಾಪ್‌ಟಾಪ್.

“ಮೇಷ್ಟ್ರೇ, ಮದರ್‌ಬೋರ್ಡ್ ಹೋಗಿದೆಯಂತೆ. ರಿಪೇರಿಗಿಂತ ಹೊಸದು ತಗೊಳ್ಳೋದೇ ವಾಸಿ ಅಂತ ಅಂಗಡಿಯವರು ಅಂದ್ರು. ಸಾಲ ಮಾಡೋಕೆ ಮುಂಚೆ ನಿಮ್ಮನ್ನೊಂದು ಮಾತು ಕೇಳೋಣ ಅಂತ ಬಂದೆ. ಇವಳೇ ಏನೋ ಸಿನಿಮಾ ಗಿನಿಮಾ ಹಾಕಿ ಕೆಡಿಸಿರಬೇಕು” ಎಂದರು. ಹುಡುಗಿ ತಲೆ ತಗ್ಗಿಸಿ ಕುಳಿತಿದ್ದಳು.

ಕೆಟ್ಟಿದ್ದೇನು? ಆಕೆ ಕರ್ನಾಟಕ ಸಂಗೀತ ಕಲಿಯುತ್ತಿದ್ದಾಳೆ. ಬೆಳಗಿನ ಸಾಧನೆಗೆ ಲ್ಯಾಪ್‌ಟಾಪ್‌ನಲ್ಲೇ ತಂಬೂರಿ. ಬೆಂಗಳೂರಿನ ಎಂಜಿನಿಯರ್ ಜಿ. ರಾಜ್ ನಾರಾಯಣ್ ಅವರು 1970ರ ದಶಕದ ಕೊನೆಯಲ್ಲಿ ಎಲೆಕ್ಟ್ರಾನಿಕ್ ತಂಬೂರಿಯನ್ನು ರೂಪಿಸಿದರು. ಈಗ ಆ ಪೆಟ್ಟಿಗೆಯ ಕೆಲಸವನ್ನು ಫೋನು, ಲ್ಯಾಪ್‌ಟಾಪುಗಳ ತಂತ್ರಾಂಶವೂ ಮಾಡುತ್ತದೆ. ಇವಳ ತಂಬೂರಿ ಮಾತ್ರ ಒಂದೆರಡು ನಿಮಿಷಕ್ಕೊಮ್ಮೆ ‘ಟಪ್’ ಎಂದು ಕಡಿದು ಮತ್ತೆ ಹತ್ತಿಕೊಳ್ಳುತ್ತಿತ್ತು. ಸಿನಿಮಾ ಹಾಡಿನ ಡೋಲಿನ ನಡುವೆ ಇಂಥ ಕಡಿತ ಕಿವಿಗೆ ಬೀಳದೆ ಹೋಗಬಹುದು. ಎಡೆಬಿಡದೆ ಹರಿಯಬೇಕಾದ ಶ್ರುತಿಯಲ್ಲಿ ಅದು ಬಿಳಿ ಪಂಚೆಯ ಮೇಲಿನ ಮಸಿ ಇದ್ದಂತೆ.

ಮೊದಲು ಹೆಡ್‌ಫೋನ್ ಬದಲಿಸಿ ನೋಡಿದೆವು. ವೈರನ್ನು ಅಲ್ಲಾಡಿಸಿದೆವು. ವ್ಯತ್ಯಾಸವಿಲ್ಲ. ಆಮೇಲೆ ಗುರುಗಳ ಪಾಠದ ಧ್ವನಿಮುದ್ರಣವೊಂದನ್ನು ಮೂರು ಸಲ ಹಾಕಿಸಿ, ಸದ್ದು ಕಡಿದ ಹೊತ್ತನ್ನು ಪ್ರತಿ ಸಲವೂ ನೋಟ್‌ಬುಕ್ಕಿನಲ್ಲಿ ಬರೆಯಲು ಹೇಳಿದೆ. ಪ್ರತಿ ಸಲ ಒಂದೇ ಜಾಗದಲ್ಲಿ ಕಡಿದರೆ ದೋಷ ಆ ಫೈಲಿನದು; ಬೇರೆ ಬೇರೆ ಜಾಗದಲ್ಲಾದರೆ ಯಂತ್ರದ್ದು. ಮೂರು ಸಲವೂ ಬೇರೆ ಬೇರೆ ಜಾಗ. ಹಾಗಾದರೆ ಯಂತ್ರದ್ದೇ. ಆದರೆ ಟಾಸ್ಕ್ ಮ್ಯಾನೇಜರ್ ತೆರೆದು ನೋಡಿದರೆ ಪ್ರೊಸೆಸರ್ ಶೇಕಡಾ 10ರಷ್ಟೂ ದುಡಿಯುತ್ತಿಲ್ಲ! “ಇಷ್ಟು ಬಿಡುವಾಗಿದ್ದೂ ಯಾಕೆ ಸಾರ್ ನಿಲ್ಲಿಸುತ್ತೆ?” ಎಂದು ಹುಡುಗಿ ಕೇಳಿದಳು. ಪ್ರಶ್ನೆ ಬಲು ಸರಿಯಾದದ್ದು.

ಇದನ್ನು ವಿವರಿಸಲು ಅವರ ಮನೆಯ ಮಗ್ಗಕ್ಕಿಂತ ಒಳ್ಳೆಯ ಉಪಕರಣ ನನ್ನ ಪ್ರಯೋಗಾಲಯದಲ್ಲೂ ಇಲ್ಲ. ಸೋನಿ ಮತ್ತು ಫಿಲಿಪ್ಸ್ ಕಂಪನಿಗಳು 1980ರಲ್ಲಿ ಗೊತ್ತುಮಾಡಿದ ಸಿ.ಡಿ. ಮಾನದಂಡದಂತೆ ಒಂದು ಸೆಕೆಂಡಿನ ಸದ್ದು ಎಂದರೆ 44,100 ಅಂಕಿಗಳು, ಎಡಕಿವಿಗಷ್ಟು, ಬಲಕಿವಿಗಷ್ಟು. ಲ್ಯಾಪ್‌ಟಾಪಿನ ಧ್ವನಿ ಭಾಗ ಇವನ್ನು ಒಂದರ ಹಿಂದೊಂದು, ತಪ್ಪದ ಲಯದಲ್ಲಿ ನುಂಗುತ್ತಾ ಹೋಗುತ್ತದೆ. ಅದು ಓಡುತ್ತಿರುವ ಮಗ್ಗ. ಪ್ರೊಸೆಸರ್ ಅಂಕಿಗಳನ್ನು ಒಂದೊಂದಾಗಿ ಕೊಡುವುದಿಲ್ಲ, ಕಂತು ಕಂತಾಗಿ ಬಫರ್ ಎಂಬ ಬುಟ್ಟಿಗೆ ತುಂಬುತ್ತದೆ. ಮನೆಯಾಕೆ ಕಂಡಿಕೆ ಸುತ್ತಿ ಸುತ್ತಿ ಬುಟ್ಟಿಗೆ ಹಾಕುವ ಹಾಗೆ.

ಆಕೆ ಮಗ್ಗ ತಿನ್ನುವುದಕ್ಕಿಂತ ಎಷ್ಟೋ ಬೇಗ ಸುತ್ತಬಲ್ಲಳು. ದಿನದ ಲೆಕ್ಕದಲ್ಲಿ ಅರ್ಧ ಹೊತ್ತು ಬಿಡುವೇ. ಆದರೂ ಬುಟ್ಟಿಯಲ್ಲಿ ಎರಡೇ ಕಂಡಿಕೆ ಇರುವಾಗ ಯಾರೋ ಬಾಗಿಲಿಗೆ ಬಂದು ಮಾತಿಗೆ ನಿಲ್ಲಿಸಿಕೊಂಡರೆ? ಬುಟ್ಟಿ ಬರಿದು. ಸರಾಸರಿ ವೇಗ ಎಷ್ಟಿದ್ದರೇನು, ಬೇಕಾದ ಹೊತ್ತಿಗೆ ಕೈಗೆ ಸಿಗಲಿಲ್ಲ.

“ಹಾಗಾದ್ರೆ ಮಗ್ಗ ನಿಂತುಬಿಡುತ್ತೆ ಮೇಷ್ಟ್ರೇ” ಎಂದರು ಅಪ್ಪ. ಹೌದು, ಹೊಕ್ಕಿನ ನೂಲು ತಪ್ಪಿದರೆ ವಿದ್ಯುತ್ ಮಗ್ಗ ತಾನೇ ನಿಲ್ಲುವಂತೆ ವ್ಯವಸ್ಥೆಯಿದೆ. ಲ್ಯಾಪ್‌ಟಾಪಿಗೆ ಆ ಮರ್ಯಾದೆ ಇಲ್ಲ. ನೂಲಿಲ್ಲದೆಯೇ ಲಾಳಿ ಓಡಿಸುತ್ತದೆ. ಬಟ್ಟೆಯಲ್ಲಿ ಬಿದ್ದ ಆ ಸಂದೇ ನಮಗೆ ಕೇಳುವ ‘ಟಪ್’.

ಇನ್ನು, ಬಾಗಿಲಿಗೆ ಬಂದವರು ಯಾರು ಎಂದು ಪತ್ತೆ ಮಾಡಬೇಕು. ಲ್ಯಾಪ್‌ಟಾಪಿನ ಪ್ರತಿ ಭಾಗಕ್ಕೂ, ಅಂದರೆ ವೈಫೈಗೆ, ಬ್ಲೂಟೂತ್‌ಗೆ, ಬ್ಯಾಟರಿಗೆ, ಪರದೆಗೆ, ಡ್ರೈವರ್ ಎಂಬ ಸಣ್ಣ ತಂತ್ರಾಂಶ ಇರುತ್ತದೆ. ಇವಕ್ಕೆ ಪ್ರೊಸೆಸರನ್ನು ನಡುವೆ ತಡೆದು ನಿಲ್ಲಿಸುವ ಅಧಿಕಾರವಿದೆ. ಕೆಲಸ ಹೇಳಿ ತಟ್ಟನೆ ಬಿಟ್ಟುಬಿಡಬೇಕು. ಸರಿಯಾಗಿ ಬರೆಯದ ಡ್ರೈವರ್ ಬಿಡುವುದಿಲ್ಲ. ಬಫರ್‌ನಲ್ಲಿ 512 ಅಂಕಿಗಳಿದ್ದರೆ ಅವು ಮುಗಿಯಲು ಸುಮಾರು 12 ಮಿಲಿಸೆಕೆಂಡು ಸಾಕು. ಡ್ರೈವರ್ 20 ಮಿಲಿಸೆಕೆಂಡು ಹಿಡಿದಿಟ್ಟುಕೊಂಡರೆ ಶ್ರುತಿ ಕಡಿದಂತೆಯೇ.

ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು ಎಂದು ಪಾಠ ಹೇಳುವಾಗ ಮಕ್ಕಳು ಆಕಳಿಸುತ್ತಾರೆ. ಅಂದು ಯಾರೂ ಆಕಳಿಸಲಿಲ್ಲ. ಬ್ಲೂಟೂತ್ ಆರಿಸಿದೆವು, ಹತ್ತು ನಿಮಿಷ ಕೇಳಿದೆವು: ಕಡಿತ ಇದ್ದೇ ಇತ್ತು. ಬ್ಲೂಟೂತನ್ನು ಮೊದಲಿನಂತೆ ಇಟ್ಟು ವೈಫೈ ಆರಿಸಿದೆವು. ಹತ್ತು ನಿಮಿಷ ಒಂದೂ ಕಡಿತವಿಲ್ಲ. ಅಪ್ಪ ಆಗಲೇ ಎದ್ದು ನಿಂತರು. ಕೂರಿಸಿದೆ. ಕಾಕತಾಳೀಯ ಇರಬಹುದಲ್ಲ! ವೈಫೈ ಹಾಕಿದೆವು, ಟಪ್, ಆರಿಸಿದೆವು, ಇಲ್ಲ. ಮೂರು ಸಲ ಹೀಗೇ ಆದ ಮೇಲೆ ನಂಬಿದೆ. ಆಮೇಲೆ ವಿಂಡೋಸ್‌ಗೆಂದೇ ಇರುವ ಲೇಟೆನ್ಸಿಮಾನ್ ಎಂಬ ತಂತ್ರಾಂಶವನ್ನು ಓಡಿಸಿದೆವು. ಯಾವ ಡ್ರೈವರ್ ಎಷ್ಟು ಹೊತ್ತು ತಡೆಹಿಡಿಯಿತು ಎಂದು ಅದು ಹೆಸರು ಹಿಡಿದು ತೋರಿಸುತ್ತದೆ. ಪಟ್ಟಿಯ ತಲೆಯಲ್ಲೇ ವೈಫೈ ಡ್ರೈವರ್.

ಮದರ್‌ಬೋರ್ಡ್ ಕಲ್ಲಿನ ಹಾಗಿತ್ತು. ಲ್ಯಾಪ್‌ಟಾಪ್ ತಯಾರಕರ ಜಾಲತಾಣದಿಂದ ಆ ಮಾದರಿಯ ಹೊಸ ಡ್ರೈವರ್ ಇಳಿಸಿ ಹಾಕಿದೆವು. ಖರ್ಚು ಇಲ್ಲ. ಸಿನಿಮಾದ ಆಪಾದನೆಯೂ ಬಿದ್ದುಹೋಯಿತು. ಅಪ್ಪ ಮಗಳತ್ತ ನೋಡಿ, “ನಾನೇ ದುಡುಕಿದೆ ಕಣಮ್ಮ” ಎಂದರು.

ಎಲ್ಲರ ಮನೆಯಲ್ಲೂ ಅಪರಾಧಿ ವೈಫೈಯೇ ಎನ್ನುವಂತಿಲ್ಲ. ಬ್ಯಾಟರಿ ಉಳಿಸುವ ವ್ಯವಸ್ಥೆ ಪ್ರೊಸೆಸರನ್ನು ತೂಕಡಿಸಲು ಬಿಟ್ಟಿರಬಹುದು. ಫ್ಯಾನಿನಲ್ಲಿ ಧೂಳು ತುಂಬಿ ಬಿಸಿಯಾದರೆ ಯಂತ್ರ ತಾನೇ ನಿಧಾನವಾಗುತ್ತದೆ. ಅಂಥ ಕಡಿತ ಅರ್ಧ ಗಂಟೆಯ ನಂತರ ಶುರುವಾಗುವುದುಂಟು. ಆನ್‌ಲೈನ್ ಪಾಠದಲ್ಲಿ ಮಾತ್ರ ಕಡಿದರೆ ಮೊದಲು ನೆಟ್‌ವರ್ಕನ್ನು ಅನುಮಾನಿಸಿ.

“ಬುಟ್ಟಿಯನ್ನೇ ದೊಡ್ಡದು ಮಾಡಿದ್ರೆ ಆಗಲ್ವಾ?” ಎಂದು ಹೊರಡುವಾಗ ಅಪ್ಪ ಕೇಳಿದರು. ಆಗುತ್ತದೆ. ಸಂಗೀತದ ಕೆಲವು ತಂತ್ರಾಂಶಗಳಲ್ಲಿ ಬಫರ್ ಅಳತೆಯನ್ನು ನಾವೇ ಬದಲಿಸಬಹುದು. ಬರೀ ಕೇಳುವುದಾದರೆ 2,048 ಇಟ್ಟರೂ ನಷ್ಟವಿಲ್ಲ. ಆದರೆ ಕೀಬೋರ್ಡನ್ನು ಲ್ಯಾಪ್‌ಟಾಪಿಗೆ ಜೋಡಿಸಿ ನುಡಿಸುವವರಿಗೆ ಮನೆ ಒತ್ತಿದ 46 ಮಿಲಿಸೆಕೆಂಡಿನ ಮೇಲೆ ಸ್ವರ ಕೇಳುತ್ತದೆ. ಸುಮಾರು 16 ಮೀಟರು ದೂರ ಕುಳಿತು ಕೇಳಿದಂತೆ. ನಾನು ಇಷ್ಟು ಹೇಳುವಷ್ಟರಲ್ಲಿ ಅವರೇ, “ಗೊತ್ತಾಯ್ತು ಬಿಡಿ. ಬುಟ್ಟಿ ತುಂಬ ಕೆಂಪು ಕಂಡಿಕೆ ಇದ್ರೆ, ಹಸಿರು ಬೇಕು ಅಂದ್ರೂ ಕೆಂಪು ಮುಗಿಯೋವರೆಗೆ ಕಾಯಬೇಕು” ಎಂದರು. ಮೂವತ್ತು ವರ್ಷ ಪಾಠ ಮಾಡಿದವನಿಗೂ ಈ ಹೋಲಿಕೆ ಹೊಳೆದಿರಲಿಲ್ಲ.

ಮೊನ್ನೆ ಹುಡುಗಿ ಶಾಲೆಯಲ್ಲಿ ಸಿಕ್ಕಿದ್ದಳು. ಕಡಿತ ನಿಂತಿದೆಯಂತೆ. ಆದರೆ ಚಾರ್ಜರ್ ಹಾಕಿದಾಗ ಸ್ಪೀಕರಿನಲ್ಲಿ ಸಣ್ಣಗೆ ‘ಗುಂಯ್’ ಎನ್ನುತ್ತದಂತೆ. ಅದು ಬೇರೆಯೇ ಕಾಯಿಲೆ, ಬಹುಶಃ ಅರ್ಥಿಂಗಿನದು. ಈ ಭಾನುವಾರ ಅವರ ಮನೆಗೇ ಹೋಗಿ ನೋಡಬೇಕು.