ವಜ್ರದ ಶೋಧವೂ ವರ್ತಕನ ಬಂಡವಾಳವೂ

ಇತ್ತೀಚೆಗೆ ತಾಳಿಕೋಟೆಯ ಬೇಳೆಕಾಳು ವರ್ತಕರೊಬ್ಬರು ನನ್ನಲ್ಲಿಗೆ ಬಂದು, ಗಿರಣಿಯ ಹೊಸ ಯಂತ್ರಕ್ಕೆಂದು ಕೂಡಿಸಿಟ್ಟ ಹಣವನ್ನು ಡೋಣಿ ದಂಡೆಯ ಹೊಲವೊಂದರಲ್ಲಿ ತೊಡಗಿಸುವ ವಿಷಯವಾಗಿ ಸಲಹೆ ಕೇಳಿದರು. ಅಲ್ಲಿಯ ಕಪ್ಪುಕಲ್ಲು ಜ್ವಾಲಾಮುಖಿಯದು, ಆದುದರಿಂದ ಕೆಳಗೆ ವಜ್ರವಿದೆ ಎಂದು ದಲ್ಲಾಳಿಯೊಬ್ಬನು ನಂಬಿಸಿದ್ದನು.

ಕಲ್ಲು ಜ್ವಾಲಾಮುಖಿಯದೆಂಬುದು ನಿಜ. ಆದರೆ ಅದು ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಡಿದ ದಖ್ಖನ್ ಬಸಾಲ್ಟ್. ಅದರಲ್ಲಿ ವಜ್ರ ದೊರೆಯದು. ವಜ್ರವನ್ನು ಹೊತ್ತು ತರುವುದು 150 ಕಿ.ಮೀ.ಗೂ ಹೆಚ್ಚಿನ ಆಳದಿಂದ ಮೇಲೆದ್ದ ಕಿಂಬರ್ಲೈಟ್ ಎಂಬ ಶಿಲೆ. ಪೂರ್ವಕ್ಕೆ ನಾರಾಯಣಪೇಟೆಯ ಪರಿಸರದಲ್ಲಿ, ಅನಂತಪುರದ ಕಡೆಗೆ ವಜ್ರಕರೂರಿನಲ್ಲಿ ಅದು ಕಂಡುಬಂದಿದ್ದು, ಅದರ ವಯಸ್ಸು ಸುಮಾರು 110 ಕೋಟಿ ವರ್ಷ. ಭೂವಿಜ್ಞಾನಿಗಳು ಹಳ್ಳದ ಮರಳನ್ನು ಜರಡಿ ಹಿಡಿದು, ಪೈರೋಪ್ ಗಾರ್ನೆಟ್, ಇಲ್ಮೆನೈಟ್ ಮುಂತಾದ ಜೊತೆಗಾರ ಖನಿಜಗಳ ಜಾಡಿನಲ್ಲಿ ಮೂಲವನ್ನು ಅರಸುತ್ತಾರೆ. ಬಸಾಲ್ಟಿನ ಹೊದಿಕೆಯ ಕೆಳಗೆ ಅಂಥ ಶಿಲೆ ಇದ್ದರೂ ಆ ಜಾಡು ಮೇಲೆ ಕಾಣಿಸದು. ದೊರೆತ ಕಿಂಬರ್ಲೈಟುಗಳಲ್ಲಿಯೂ ಗಣಿಗೆ ಯೋಗ್ಯವಾದುದು ಜಗತ್ತಿನಲ್ಲಿ ನೂರಕ್ಕೆ ಒಂದರಷ್ಟು ಮಾತ್ರ.

ವಿಜಾಪುರದ ಅರಸರಿಗೂ ವಜ್ರದ ಗಣಿಯಿತ್ತಲ್ಲ ಎಂದು ಅವರು ವಾದಿಸಿದರು. ಇತ್ತು, ಆದರೆ ದೂರದ ಕರ್ನೂಲಿನ ಬಳಿ. 17ನೆಯ ಶತಮಾನದಲ್ಲಿ ಅದನ್ನು ಕಂಡ ಫ್ರೆಂಚ್ ವರ್ತಕ ತವೆರ್ನಿಯೆ ಲೆಕ್ಕವನ್ನೂ ಬರೆದಿಟ್ಟಿದ್ದಾನೆ: 50 ಆಳುಗಳಿಗೆ ದಿನಕ್ಕೆ 2 ವರಹ, 100 ಆಳುಗಳಿಗೆ 4 ವರಹ ಅರಸನಿಗೆ ಸಲ್ಲಬೇಕು, ಖರೀದಿಯ ಮೇಲೆ ಶೇ. 2 ಬೇರೆ. ನಮ್ಮ ಇಂದಿನ ತೆರಿಗೆ ನಮೂನೆಗಳಿಗಿಂತ ಎಷ್ಟೋ ಸರಳ! ಅಂದಿನ ವರ್ತಕನ ಅಪಾಯ ದಿನದ ಲೆಕ್ಕದ್ದು.

ಇಂದಿನದು ದಶಕಗಳ ಲೆಕ್ಕ. ಮಧ್ಯಪ್ರದೇಶದ ಬಂದರ್ ಎಂಬಲ್ಲಿ ರಿಯೊ ಟಿಂಟೊ ಕಂಪನಿಯು 2004ರಲ್ಲಿ ವಜ್ರದ ನಿಕ್ಷೇಪ ಕಂಡುಹಿಡಿದು, ಗಣಿ ಆರಂಭಿಸಲಾಗದೆ 2017ರಲ್ಲಿ ಅದನ್ನು ರಾಜ್ಯ ಸರ್ಕಾರಕ್ಕೆ ಒಪ್ಪಿಸಿ ಹೊರಟಿತು. 1961ರ ಆದಾಯ ತೆರಿಗೆ ಕಾಯ್ದೆಯ ಕಲಂ 35ಇ ಶೋಧವೆಚ್ಚಕ್ಕೆ ರಿಯಾಯಿತಿ ನೀಡಿದ್ದು ವಾಣಿಜ್ಯ ಉತ್ಪಾದನೆ ಆರಂಭವಾದ ಮೇಲೆಯೇ. ಅದೂ ಆ ವರ್ಷ ಹಾಗೂ ಹಿಂದಿನ ನಾಲ್ಕು ವರ್ಷಗಳ ವೆಚ್ಚಕ್ಕೆ ಮಾತ್ರ. ಇಂಥ ನಷ್ಟವನ್ನು ತಾಳಬಲ್ಲ ಅಂಗಡಿ ನಮ್ಮ ಬಜಾರದಲ್ಲಿ ಒಂದೂ ಇಲ್ಲವೆಂಬುದು ನನ್ನ ಸ್ಪಷ್ಟ ಅಭಿಪ್ರಾಯ.

ಮೇಲಾಗಿ, ಹೊಲದ ಖರೀದಿಪತ್ರವು ಗಣಿ ಗುತ್ತಿಗೆಯಾಗದು. 2015ರ ತಿದ್ದುಪಡಿಯಿಂದ ಇಂಥ ಗುತ್ತಿಗೆಗಳು ಹರಾಜಿನ ಮೂಲಕವೇ ದೊರೆಯತಕ್ಕವು. 2023ರಲ್ಲಿ ವಜ್ರಕ್ಕೂ ಅನ್ವಯಿಸುವಂತೆ ಬಂದ ಶೋಧನಾ ಪರವಾನಗಿಯೂ ಹರಾಜಿನದೇ. ನಮ್ಮ ಸಂಸ್ಥೆಯು ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಅಧಿಕಾರಿಗಳನ್ನು ಕರೆಯಿಸಿ ಸದಸ್ಯರಿಗೆ ಇದನ್ನು ತಿಳಿಯಪಡಿಸುವುದು ಉಚಿತ.

ಯಂತ್ರಕ್ಕೆ ಮೊದಲ ವರ್ಷದಿಂದಲೇ ಸವಕಳಿ ದೊರೆಯುತ್ತದೆ, ಹೊಲಕ್ಕೆ ಅದೂ ಇಲ್ಲವೆಂದು ಆ ವರ್ತಕರಿಗೆ ತಿಳಿಸಿದೆನು. ಆದರೆ ಅವರು ಮುಂಗಡವನ್ನು ಕೊಟ್ಟೇ ಬಂದಿದ್ದರು. ಅದನ್ನು ನಷ್ಟಕ್ಕೆ ಬರೆದು ಹಿಂದೆ ಸರಿಯಿರೆಂದು ಹೇಳಿರುವೆನು. ಅವರ ಉತ್ತರ ಇನ್ನೂ ಬಂದಿಲ್ಲ.