ಪೊಳ್ಳು ಹಿಡಿಯ ಬಲ ಸಂದಿನಲ್ಲಿ

ರಾಯದುರ್ಗ, ಮಡಕಶಿರಾ ಸೀಮೆಯ ಒಣ ಬಿಸಿಲಿಗೆ ಮರದ ಹಿಡಿ ಕುಗ್ಗಿ ಸಡಿಲಗೊಳ್ಳುವುದು ರೈತರಿಗೆ ತಿಳಿದ ಸಂಗತಿ. ಆದ್ದರಿಂದ ಮಚ್ಚು, ಚೂರಿಗಳಿಗೆ ಕಬ್ಬಿಣದ ಕೊಳವೆಯನ್ನೇ ಹಿಡಿಯಾಗಿ ಕೂಡಿಸುವವರುಂಟು. 1982ರ ‘ಫಸ್ಟ್ ಬ್ಲಡ್’ ಚಲನಚಿತ್ರದ ನಾಯಕನ ಚೂರಿಯ ಹಿಡಿಯೂ ಪೊಳ್ಳು; ಗಾಯ ಹೊಲಿಯುವ ಸೂಜಿ-ದಾರ ಅದರೊಳಗೇ ಇತ್ತು. ಅಂಥದೊಂದನ್ನು ತಾವೂ ಮಾಡಬೇಕೆಂಬ ಹಂಬಲ ಪ್ರೌಢಶಾಲೆಯ ಹುಡುಗರಲ್ಲಿ ಮೂಡುವುದು ಸಹಜ. ಗದರಿಸಿ ಅಡಗಿಸುವುದಕ್ಕಿಂತ ಅಪಾಯವೆಲ್ಲಿದೆಯೆಂದು ತಿಳಿಸಿಕೊಡುವುದು ಹಿರಿಯರಿಗೆ ಒಪ್ಪುವ ಕೆಲಸ.

ಪೊಳ್ಳಾದುದೆಲ್ಲ ದುರ್ಬಲವಲ್ಲ. ಬಿದಿರು ಪೊಳ್ಳಾಗಿದ್ದೂ ಭಾರ ಹೊರುತ್ತದೆ. ದೋಷವಿರುವುದು ಅಲಗೂ ಹಿಡಿಯೂ ಕೂಡುವ ಸಂದಿನಲ್ಲಿ. ಏಟಿನ ಬಲವೆಲ್ಲ ಅಲ್ಲಿಯೇ ಬೀಳುತ್ತದೆ. ಕೊಳವೆಯೊಳಗೆ ಸೇರುವ ಅಲಗಿನ ಬಾಲ ಗಿಡ್ಡವಾಗಿದ್ದು, ಬರಿಯ ಅಂಟಿನಿಂದ ನಿಂತಿದ್ದರೆ, ಬೀಸಿದಾಗ ಅಲಗು ಕಳಚಿ ಹಾರೀತು. ಮೇಲೆ ಥಳುಕು, ಒಳಗೆ ಹುಳುಕು ಎಂಬ ಗಾದೆ ಇಲ್ಲಿ ಅಕ್ಷರಶಃ ಸತ್ಯ.

ಬಾಲವು ಹಿಡಿಯೊಳಗೆ ಸಾಕಷ್ಟು ಆಳಕ್ಕೆ ಇಳಿಯಬೇಕು. ಕೊಳವೆಗೂ ಬಾಲಕ್ಕೂ ಆರಪಾರ ರಂಧ್ರ ಕೊರೆದು ಎರಡು ಕಡೆ ರಿವೆಟ್ ಬಡಿಯಬೇಕು. ಎಪಾಕ್ಸಿ ಅಂಟು ಸಂದನ್ನು ತುಂಬಿ ನೀರನ್ನು ತಡೆಯುತ್ತದೆ. ರಿವೆಟ್ಟಿನ ಕೆಲಸವನ್ನು ಅದಕ್ಕೊಪ್ಪಿಸಬಾರದು. ವೆಲ್ಡಿಂಗ್ ಮಾಡಿದರೆ ಕಾವು ಅಲಗಿಗೆ ಹರಿದು, ಕಮ್ಮಾರ ಕೊಟ್ಟ ಹದ ಕೆಡಬಹುದು. ಸತುವಿನ ಲೇಪವಿರುವ ನೀರಿನ ಕೊಳವೆಯನ್ನು ಕಾಯಿಸಿದರೆ ಏಳುವ ಹೊಗೆ ಚಳಿಜ್ವರ ತರುತ್ತದೆ. ಆದ್ದರಿಂದ ಇದು ಮನೆಯಂಗಳದ ಪ್ರಯೋಗವಲ್ಲ, ಕುಲುಮೆಯ ಕೆಲಸ. ಕನ್ನಡದ ಕುಲುಮೆ ತೆಲುಗಿನಲ್ಲಿ ಕೊಲಿಮಿ, ಕಮ್ಮಾರ ಅಲ್ಲಿ ಕಮ್ಮರಿ. ಎರಡು ನುಡಿಗಳ ನಡುವೆ ಬೆಳೆಯುವ ಮಗು ಹಿರಿಯರೊಡನೆ ಅಲ್ಲಿ ನಿಂತು ನೋಡಿದರೆ ಪಾಠವೂ ಆಯಿತು.

ಕಾನೂನಿನ ಮಾತೂ ಒಂದುಂಟು. 1959ರ ಆಯುಧ ಕಾಯಿದೆಯು ಕೇವಲ ಗೃಹಕೃತ್ಯಕ್ಕೆ ಅಥವಾ ಕೃಷಿಗೆಂದು ರೂಪಿಸಿದ ವಸ್ತುಗಳನ್ನು ಆಯುಧವೆಂದು ಎಣಿಸುವುದಿಲ್ಲ. ಆದರೆ 9 ಅಂಗುಲಕ್ಕಿಂತ ಉದ್ದದ ಅಥವಾ 2 ಅಂಗುಲಕ್ಕಿಂತ ಅಗಲದ ಅಲಗನ್ನು ಚಲನಚಿತ್ರದ ಮಾದರಿಯಲ್ಲಿ ಮಾಡಿಸಿದರೆ ಆ ವಿನಾಯಿತಿಯನ್ನು ನೆಚ್ಚಲಾಗದು. ಹೊಲದ ಚೂರಿ ಹೊಲದಲ್ಲಿಯೇ ಇರಬೇಕು. ಶಾಲೆಯ ಚೀಲದಲ್ಲಿ ಅದಕ್ಕೆ ಸ್ಥಳವಿಲ್ಲ.

ಪ್ರತಿ ಸಲವೂ ಕೆಲಸಕ್ಕೆ ಮುನ್ನ ಹಿಡಿಯನ್ನು ಅಲುಗಿಸಿ ನೋಡಬೇಕು. ಒಳಗೆ ಸಣ್ಣ ಸದ್ದು ಕೇಳಿಸಿದರೂ ಚೂರಿಯನ್ನು ಬದಿಗಿಟ್ಟು ಕುಲುಮೆಗೆ ಒಯ್ಯಬೇಕು.